ಹೀರೋ ಕಪ್ಪಗಿದ್ರೇನು ಅಂತ ಕೇಳುವವರಿಗೆ

“ಹೀರೋ ಕಪ್ಪಗಿದ್ರೇನು, ಬೆಳ್ಳಗಿದ್ರೇನು? ಸಿನಿಮಾ ಚೆನ್ನಾಗಿದ್ರೆ ಸಾಕಲ್ವಾ?” 2018ರ ಹಾಲಿವುಡ್ ಸೂಪರ್‌ಹೀರೋ ಸಿನಿಮಾ ‘ಬ್ಲ್ಯಾಕ್ ಪ್ಯಾಂಥರ್’ ಬಗ್ಗೆ ನಾನು ಬಾಯಿ ತೆರೆದರೆ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಸಾಕಾಗಲ್ಲ. ಉತ್ತರ ಇಲ್ಲಿ ಬರೆದಿಡುತ್ತೇನೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಒಮ್ಮೆ ನೆಂಟರ ಮನೆ ಊಟದಲ್ಲಿ ಒಬ್ಬರು ಹೋಳಿಗೆ ಮುರಿಯುತ್ತಾ, “1998ರಲ್ಲೇ ‘ಬ್ಲೇಡ್’ ಬಂದಿತ್ತು. ವೆಸ್ಲಿ ಸ್ನೈಪ್ಸ್ ಕಪ್ಪು ಹೀರೋ ಅಲ್ವಾ? ಆಗ ಯಾಕೆ ಇಷ್ಟು ಸಂಭ್ರಮ ಇರಲಿಲ್ಲ?” ಅಂದರು. ಗೆದ್ದೆ ಅನ್ನೋ ಥರ ಸುತ್ತ ನೋಡಿದರು. ಇರಲಿ, ಉತ್ತರ ಇದೆ. ಬ್ಲೇಡ್ ಒಂಟಿ. ‘ಬ್ಲ್ಯಾಕ್ ಪ್ಯಾಂಥರ್’ನ ವಕಾಂಡ ಆಫ್ರಿಕಾದಲ್ಲಿದೆ ಅಂತ ಕಲ್ಪಿಸಿದ ಒಂದು ಇಡೀ ದೇಶ. ಅಲ್ಲಿ ರಾಜ, ವಿಜ್ಞಾನಿ ತಂಗಿ, ಸೇನಾಪತಿ, ಅರ್ಧ ಸರಿಯಾದ ಮಾತೇ ಆಡುವ ಎದುರಾಳಿ, ಎಲ್ಲರೂ ಕಪ್ಪು ಜನ. ಒಬ್ಬನೇ ಇದ್ದಾಗ ಇಡೀ ಜನಾಂಗದ ಮರ್ಯಾದೆ ಅವನ ತಲೆ ಮೇಲಿರುತ್ತದೆ. ಊರು ತುಂಬ ಇದ್ದಾಗ ಒಬ್ಬೊಬ್ಬರೂ ಸುಮ್ನೆ ಮನುಷ್ಯರಾಗಿ ಇರಬಹುದು. ತಪ್ಪು ಮಾಡಬಹುದು, ಜಗಳ ಆಡಬಹುದು, ಅಣ್ಣನ ಕಾಲೆಳೆಯಬಹುದು.

ಒಂದು ದೃಶ್ಯ ನೋಡಿ. ದಕ್ಷಿಣ ಕೊರಿಯಾದ ಬುಸಾನ್‌ನ ಕ್ಯಾಸಿನೋಗೆ ಹೋಗುವಾಗ ಸೇನಾಪತಿ ಒಕೊಯೆ ವೇಷ ಮರೆಸಲು ವಿಗ್ ಹಾಕಿರುತ್ತಾಳೆ. ಅದು ಅವಳಿಗೆ ಅಸಹ್ಯ. ಹೊಡೆದಾಟ ಶುರುವಾದ ಕೂಡಲೇ ಅದನ್ನೇ ಕಿತ್ತು ಎದುರಾಳಿಯ ಮುಖಕ್ಕೆ ಎಸೆಯುತ್ತಾಳೆ. ನಮಗೆ ಅದು ತಮಾಷೆ. ಗುಂಗುರು ಕೂದಲನ್ನು ನೇರ ಮಾಡ್ಕೊಂಡು ಕೆಲಸಕ್ಕೆ ಬನ್ನಿ ಅಂತ ತಲೆಮಾರುಗಳಿಂದ ಕೇಳಿಸಿಕೊಂಡ ಅಮೆರಿಕದ ಕಪ್ಪು ಹೆಂಗಸರಿಗೆ ಅದು ಬರೀ ತಮಾಷೆ ಅಲ್ಲ. ಸಹಜ ಕೂದಲಿನ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ಭೇದ ಮಾಡಬಾರದು ಅಂತ ಕ್ಯಾಲಿಫೋರ್ನಿಯಾ ಕಾನೂನು ಮಾಡಿದ್ದು 2019ರಲ್ಲಿ! ಸಿನಿಮಾದಿಂದಲೇ ಕಾನೂನು ಬಂತು ಅಂತ ನಾನು ಹೇಳುತ್ತಿಲ್ಲ. ಆ ವಿಗ್ ಯಾಕೆ ಅಷ್ಟು ಭಾರ ಅಂತ ಹೇಳುತ್ತಿದ್ದೇನೆ.

ಹೀರೋ ಬಣ್ಣ ಬಿಡಿ. ಆ ಬಟ್ಟೆಗಳನ್ನು ಯೋಚಿಸಿದ್ದು ಯಾರು, ಆ ಊರನ್ನು ಕಟ್ಟಿದ್ದು ಯಾರು ಅಂತ ಯಾರೂ ಕೇಳಲ್ಲ. ನನಗೆ ಹೇಳಬೇಕು ಅನ್ನಿಸೋದೇ ಅದು. ಬ್ಲ್ಯಾಕ್ ಪ್ಯಾಂಥರ್ ಪಾತ್ರವನ್ನು 1966ರಲ್ಲಿ ಕಾಮಿಕ್ಸ್‌ನಲ್ಲಿ ಹುಟ್ಟಿಸಿದ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಇಬ್ಬರೂ ಬಿಳಿಯರು. ಸಿನಿಮಾಗೆ ಬರುವ ಹೊತ್ತಿಗೆ ಕೈ ಬದಲಾಗಿತ್ತು. ನಿರ್ದೇಶಕ ರಯಾನ್ ಕೂಗ್ಲರ್ ಕಪ್ಪು ಜನಾಂಗದವರು, ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನವರು. ಕಥೆ ಶುರುವಾಗೋದೂ ಅಲ್ಲಿಯ ಒಂದು ಬಡ ಅಪಾರ್ಟ್‌ಮೆಂಟಿನಲ್ಲಿ. ವಕಾಂಡದವರು ಆಡುವ ಷೋಸಾ ಭಾಷೆ ದಕ್ಷಿಣ ಆಫ್ರಿಕಾದ ನಟ ಜಾನ್ ಕಾನಿ ಅವರ ತಾಯ್ನುಡಿ. ಗಡಿ ಕಾಯುವವರು ಹೊದ್ದ ಕಂಬಳಿ ಆಫ್ರಿಕಾದ ಲೆಸೊಥೊ ದೇಶದ್ದು. ರಾಣಿಯ ಅಗಲ ಟೋಪಿ ದಕ್ಷಿಣ ಆಫ್ರಿಕಾದ ಜುಲು ಹೆಂಗಸರದ್ದು. ವಸ್ತ್ರ ವಿನ್ಯಾಸಕ್ಕೆ ರೂತ್ ಕಾರ್ಟರ್, ಕಲಾ ವಿನ್ಯಾಸಕ್ಕೆ ಹ್ಯಾನಾ ಬೀಚ್ಲರ್ 2019ರಲ್ಲಿ ಆಸ್ಕರ್ ಗೆದ್ದರು. ಆ ಎರಡೂ ವಿಭಾಗಗಳಲ್ಲಿ ಆಫ್ರಿಕನ್ ಅಮೆರಿಕನ್ನರು ಗೆದ್ದದ್ದು ಅದೇ ಮೊದಲು.

ಕಪ್ಪು ಜನರ ಸಿನಿಮಾ ಹೊರದೇಶದಲ್ಲಿ ಓಡಲ್ಲ ಅಂತ ಹಾಲಿವುಡ್ ವರ್ಷಗಟ್ಟಲೆ ನೆಪ ಹೇಳಿತ್ತು. ಇದು ಜಗತ್ತಿನಾದ್ಯಂತ 130 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಆಮೇಲೂ ಅದೇ ನೆಪ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕಾರ್ಟರ್ 2023ರಲ್ಲಿ, ಇದರ ಎರಡನೇ ಭಾಗಕ್ಕೆ, ಮತ್ತೊಂದು ಆಸ್ಕರ್ ತಗೊಂಡರು. ಆ ಬಟ್ಟೆಗಳ ಬಗ್ಗೆ ಕೇಳಿ. ಊಟ ಆರಿದರೂ ಪರವಾಗಿಲ್ಲ, ಹೇಳುತ್ತೇನೆ.