ಹೆಕ್ಟರನಿಗೆ ಅಂಟಿದ ಅಪವಾದ

ಇಂಗ್ಲಿಷಿನಲ್ಲಿ ‘ಹೆಕ್ಟರ್’ ಎಂಬ ಕ್ರಿಯಾಪದವೊಂದಿದೆ. ಎದುರಿಗಿದ್ದವರಿಗೆ ಬಾಯಿ ತೆರೆಯಲೂ ಬಿಡದೆ ಗದರಿಸಿ, ಅಬ್ಬರಿಸಿ, ತನ್ನ ಮಾತಿಗೆ ಮಣಿಸಲು ನೋಡುವುದು ಎಂದು ಅದರ ಅರ್ಥ. ಇದರಲ್ಲಿ ಕೈ ಮಾಡಬೇಕೆಂದಿಲ್ಲ, ದರ್ಪವೆಲ್ಲ ದನಿಯಲ್ಲಿರುತ್ತದೆ. ಉಡುಪಿಯ ಆಸುಪಾಸಿನಲ್ಲಿ ತಾಳಮದ್ದಳೆ ಕೇಳುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರು ಅರ್ಥಧಾರಿ ಎತ್ತಿದ ಪ್ರಶ್ನೆಗೆ ಉತ್ತರಿಸುವ ಬದಲು ಮೈಕನ್ನು ಹತ್ತಿರಕ್ಕೆಳೆದುಕೊಂಡು ಸ್ವರವೇರಿಸುವವರನ್ನು ನಾವೆಲ್ಲ ಕಂಡಿದ್ದೇವೆ. (ಚಪ್ಪಾಳೆ ಬೀಳುವುದೂ ಹೆಚ್ಚಾಗಿ ಅವರಿಗೇ ಎಂಬುದು ಬೇರೆ ಮಾತು.)

ಪದದ ಮೂಲ ಗ್ರೀಕ್ ಮಹಾಕಾವ್ಯ ‘ಇಲಿಯಡ್’ನಲ್ಲಿ ಬರುವ ಟ್ರಾಯ್ ನಗರದ ರಾಜಕುಮಾರ ಹೆಕ್ಟರ್. ಆದರೆ ಆ ಕಾವ್ಯದ ಹೆಕ್ಟರನಲ್ಲಿ ಈ ಗುಣವನ್ನು ಹುಡುಕಿದರೂ ಸಿಗುವುದು ಕಷ್ಟ. ಯುದ್ಧದ ನಡುವೆ ಹೆಂಡತಿಯನ್ನು ಕಾಣಲು ಬಂದಾಗ, ಶಿರಸ್ತ್ರಾಣದ ಮೇಲೆ ಅಲುಗಾಡುವ ಕುದುರೆಗೂದಲಿನ ತುರಾಯಿಗೆ ಹೆದರಿ ಅವನ ಹಸುಗೂಸು ದಾದಿಯ ಎದೆಗೆ ಒರಗಿ ಅಳುತ್ತದೆ. ಅವನು ನಕ್ಕು, ಶಿರಸ್ತ್ರಾಣವನ್ನು ತೆಗೆದು ನೆಲದ ಮೇಲಿಟ್ಟು, ಆಮೇಲೆ ಮಗುವನ್ನು ಎತ್ತಿ ಮುದ್ದಾಡುತ್ತಾನೆ. ಅವನು ಸತ್ತ ಮೇಲೆ ಹೆಲೆನ್ ಆಡುವ ಮಾತಂತೂ ಈ ಕ್ರಿಯಾಪದಕ್ಕೆ ನೇರ ವಿರುದ್ಧವಾದ ಸಾಕ್ಷ್ಯ: ಯಾರ ನಿಮಿತ್ತ ಆ ಯುದ್ಧ ನಡೆಯಿತೋ ಆ ಹೆಂಗಸು, ಹೆಕ್ಟರ್ ತನಗೆ ಒಂದು ದಿನವೂ ಕಟುವಾಗಿ ನುಡಿದವನಲ್ಲ, ಬೇರೆಯವರು ಬೈದಾಗಲೂ ಮೃದುವಾದ ಮಾತಿನಿಂದ ತಡೆಯುತ್ತಿದ್ದನೆಂದು ಗೋಳಿಡುತ್ತಾಳೆ.

ಪುರಾಣದ ಹೆಸರುಗಳು ನಮ್ಮಲ್ಲೂ ಬೈಗುಳವಾಗಿವೆ. ನಿದ್ದೆಬಡುಕನನ್ನು ಕುಂಭಕರ್ಣನೆನ್ನುತ್ತೇವೆ, ಒಳಗೊಳಗೇ ಮಸಲತ್ತು ಮಾಡುವವನನ್ನು ಶಕುನಿಯೆನ್ನುತ್ತೇವೆ. ಅಲ್ಲಿ ಹೆಸರಿಗೂ ಕಥೆಗೂ ತಾಳೆಯಿದೆ. ಹೆಕ್ಟರನ ವಿಷಯದಲ್ಲಿ ಅದು ತಪ್ಪಿದ್ದು ಕವಿಯಿಂದಲ್ಲ, ಪುಂಡರಿಂದ. ಮಧ್ಯಯುಗದ ಯುರೋಪು ಅವನನ್ನು ಒಂಬತ್ತು ಮಹಾವೀರರಲ್ಲಿ ಒಬ್ಬನೆಂದು ಎಣಿಸಿತ್ತು. ಇಂಗ್ಲಿಷಿನಲ್ಲೂ ಅವನ ಹೆಸರು ಶೂರನೆಂಬುದಕ್ಕೆ ಪರ್ಯಾಯವಾಗಿತ್ತು. 17ನೇ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿನ ಬೀದಿಗಳಲ್ಲಿ ಕುಡಿದು ದಾಂಧಲೆ ಮಾಡುತ್ತ ದಾರಿಹೋಕರನ್ನು ಪೀಡಿಸುತ್ತಿದ್ದ ಪಡ್ಡೆಗಳ ಗುಂಪಿಗೆ ‘ಹೆಕ್ಟರ್‌ಗಳು’ ಎಂಬ ಹೆಸರು ನಡೆಯಿತು. ಶೂರ ಹೋಗಿ ಶೌರ್ಯ ಕೊಚ್ಚಿಕೊಳ್ಳುವವನಾದ. ಹೆಚ್ಚು ಕಾಲ ಹೋಗದೆ ನಾಮಪದವೇ ಕ್ರಿಯಾಪದವೂ ಆಯಿತು.

ಅದೇ ಊರಿನಲ್ಲಿ 1712ರಲ್ಲಿ ‘ಮೋಹಾಕ್’ ಎಂಬ ಇನ್ನೊಂದು ತಂಡದ ಹಾವಳಿಯ ಸುದ್ದಿ ಎದ್ದಿತು. ಅವರು ಕಡ ತಂದದ್ದು ಅಮೆರಿಕದ ಮೂಲನಿವಾಸಿಗಳ ಹೆಸರನ್ನು. ಆ ಅರ್ಥದ ಮೋಹಾಕ್ ಇಂದು ಬಹುಮಟ್ಟಿಗೆ ಇತಿಹಾಸದ ಪುಸ್ತಕಗಳಿಗೆ ಸೀಮಿತವಾಗಿದೆ. ‘ಹೆಕ್ಟರ್’ ಮಾತ್ರ ಸಣ್ಣಕ್ಷರದ ಎಚ್ ತೊಟ್ಟು ಇಂಗ್ಲಿಷ್ ಬರವಣಿಗೆಯಲ್ಲಿ ಈಗಲೂ ಓಡಾಡುತ್ತಿದೆ.