ಎಂಟು ಗಜದ ಕಿಲ್ಟು, ಹ್ಯಾಗಿಸ್ಸು, ಮಾದ ಮಾದಿ
26 ಜನವರಿ 2025, ಭಾನುವಾರ, ಗ್ಲಾಸ್ಗೋ

ಬೆಳಗ್ಗೆ ಹನ್ನೊಂದಾಯ್ತು, ಈಗ ಎದ್ದಿದೀನಿ. ಕಾಲಿಗೆ ಲೇಸ್ ಸುತ್ತಿದ್ದ ಗುರುತು ಇನ್ನೂ ಹಂಗೇ ಇದೆ. ನೆನ್ನೆ ರಾತ್ರಿ ಬರ್ನ್ಸ್ ಸಪ್ಪರ್‌ಗೆ ಹೋಗಿದ್ವಿ, ಈ ದೇಶಕ್ಕೆ ಬಂದು ಆರು ವರ್ಷಕ್ಕೆ ಮೊದಲನೇ ಸಲ. ಜನವರಿ 25 ಅಂದ್ರೆ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ, 1759ರಲ್ಲಿ ಆಲೊವೇ ಅನ್ನೋ ಹಳ್ಳೀಲಿ, ರೈತರ ಮನೇಲಿ. ನಮ್ಮ ಕಡೆ ಕವಿ ಜಯಂತಿ ಅಂದ್ರೆ ಫೋಟೋಗೊಂದು ಹಾರ, ಸ್ಟೇಜ್ ಮೇಲೆ ಹತ್ತು ಜನ, ಎಲ್ಲಾ ಮುಗಿದ್ಮೇಲೆ ಆರಿದ ಉಪ್ಪಿಟ್ಟು ಕೇಸರಿಬಾತು. ಇಲ್ಲಿ ಊಟದ ಹೆಸರಲ್ಲೇ ಜಯಂತಿ.

ಆಫೀಸಿನ ಫ್ರೆಂಡ್ ಕರೆದಾಗ ಕಿಲ್ಟ್, ಅಂದ್ರೆ ಇಲ್ಲಿನ ಗಂಡಸರು ಸೊಂಟಕ್ಕೆ ಸುತ್ಕೊಳ್ಳೋ ನೆರಿಗೆ ಬಟ್ಟೆ, ಹಾಕ್ಕೊಂಡೇ ಬರ್ಬೇಕು ಅಂತ ಹಟ ಮಾಡಿದ. ಸರಿ, ಆನ್‌ಲೈನಲ್ಲೇ ಬಾಡಿಗೆಗೆ ಬುಕ್ ಮಾಡ್ದೆ, ಸೊಂಟದ ಅಳತೆ ಕೇಳಿದ್ರು, ಜೀನ್ಸಿಂದು 34 ಅಂತ ಹಾಕ್ದೆ. ಗುರುವಾರ ಸಂಜೆ ಅಂಗಡಿಗೆ ಹೋಗಿ ಹಾಕಿ ನೋಡಿದ್ರೆ ಚರ್ಮದ ಪಟ್ಟಿ ಬಕಲ್‌ಗೆ ಸಿಗ್ತಾನೇ ಇಲ್ಲ. ಕಿಲ್ಟನ್ನ ಪ್ಯಾಂಟ್ ನಿಲ್ಲೋ ಕಡೆ ಅಲ್ಲ, ಹೊಕ್ಕಳ ಹತ್ರ ಕಟ್ಟೋದಂತೆ, ಅಲ್ಲಿಂದ ಮಂಡಿ ಮಧ್ಯಕ್ಕೆ ಬಂದು ನಿಲ್ಬೇಕು. ಅಂಗಡಿಯವನು ಟೇಪ್ ಹಿಡಿದು ಅಳೆದ, 38. ನಾಲ್ಕಿಂಚು ಹೊಟ್ಟೆನ ಇಷ್ಟು ವರ್ಷ ಬೆಲ್ಟ್ ಮೇಲೆ ನೇತಾಕ್ಕೊಂಡು ಓಡಾಡ್ತಿದ್ದೆ ಅಂತ ಗೊತ್ತಾಗೋಕೆ ಸ್ಕಾಟ್ಲೆಂಡಿಗೆ ಬರಬೇಕಾಯ್ತು. ಅಷ್ಟೊತ್ತಿಗೆ ಅಂಗಡೀಲಿದ್ದ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡ್ವು, ನಾಳೆ ಏಯೋವಿನ್ ಬಿರುಗಾಳಿ, ರೆಡ್ ವಾರ್ನಿಂಗ್, ಮನೆಯಿಂದ ಆಚೆ ಬರಬೇಡಿ ಅಂತ ಅಲರ್ಟು. ನಾನು ಶರ್ಟು, ಸಾಕ್ಸು, ಅರ್ಧ ಕಟ್ಟಿದ ಕಿಲ್ಟಲ್ಲಿ ಕನ್ನಡಿ ಮುಂದೆ. ಅಂಗಡಿಯವನು ಫೋನ್ ಜೇಬಿಗಿಟ್ಟು ಇನ್ನೊಂದು ಕಿಲ್ಟ್ ತಂದ. ಬ್ಲ್ಯಾಕ್ ವಾಚ್ ಅಂತೆ, ಕಡುಹಸಿರು ಕಡುನೀಲಿ ಚೌಕಳಿ, ಎಂಟು ಗಜದ್ದು. ಕೈಯಲ್ಲಿ ಹಿಡಿದ್ರೆ ಮಳೇಲಿ ನೆನೆದ ಕಂಬಳಿ ಭಾರ.

ಹೆಂಡ್ತಿಗೆ ಹೇಳಿದ್ರೆ, ನನ್ನ ಸೀರೆ ಆರು ಗಜ, ನಿಮ್ದು ಎಂಟು, ಇನ್ಮೇಲೆ ರೆಡಿಯಾಗೋಕೆ ಲೇಟು ಅಂತ ನನ್ನ ಅನ್ಬೇಡಿ ಅಂದ್ಳು.

ಶುಕ್ರವಾರ ಇಡೀ ದಿನ ಕಿಟಕಿ ಗಡಗಡ. ಶನಿವಾರ ಗಾಳಿ ಇಳೀತು.

ಹುಟ್ಟಿದಾಗಿಂದ ಪಂಚೆ ನೋಡಿದೋನು ನಾನು, ಇದೇನ್ ಮಹಾ ಅಂದ್ಕೊಂಡು ನೆರಿಗೆ ಹಿಂದಕ್ಕೆ ಬಿಟ್ಟು, ಮುಂದಿನ ಚಪ್ಪಟೆ ಭಾಗ ಎಡದಿಂದ ಬಲಕ್ಕೆ ಎಳೆದು ಬಕಲ್ ಹಾಕ್ದೆ. ಗಾಳೀಲಿ ಹಾರಿದ್ರೆ ಮರ್ಯಾದೆ ಹೋಗುತ್ತೆ ಅಂತ ಕೊಟ್ಟಿದ್ದ ದೊಡ್ಡ ಪಿನ್ನನ್ನ ಒಳಪದರಕ್ಕೂ ಸೇರಿಸಿ ಚುಚ್ಚಿದ್ದೆ. ಶೂಗೆ ನಾಲಿಗೆನೇ ಇಲ್ಲ, ಲೇಸು ಮಾರುದ್ದ, ಸಾಮಾನ್ಯ ಗಂಟು ಹಾಕಿ ಮಿಕ್ಕಿದ್ದನ್ನ ಎಳ್ಕೊಂಡು ಹೊರಟೆ. ಮೆಟ್ಟಿಲ ಹತ್ರ ಕೆಳಗಿನ ಮನೆ ಅಜ್ಜ ಸಿಕ್ಕಿ ನಿಲ್ಲಿಸಿದ್ರು. ಎಂಬತ್ತು ದಾಟಿದ ಜೀವ, ಮಂಡಿ ಊರಿ ಕೂತು ಲೇಸನ್ನ ಹೊಸೆದು, ಕಾಲಿಗೆ ಸುತ್ತಿ, ಮುಂದೆ ಗಂಟು ಹಾಕಿಕೊಟ್ರು, ನನಗೆ ನಾಚಿಕೆಯಾಗಿ ಹೋಯ್ತು. ಆಮೇಲೆ ಪಿನ್ ಕಿತ್ತು ಮೇಲಿನ ಪದರಕ್ಕೆ ಮಾತ್ರ ಹಾಕಿ, ಎರಡೂ ಸೇರಿಸಿದ್ರೆ ಬಟ್ಟೆ ನೆಟ್ಟಗೆ ಬೀಳಲ್ಲ, ಹರಿದೂ ಹೋಗುತ್ತೆ ಅಂದ್ರು. ಒಳಗೇನು ಹಾಕಿದೀಯ ಅಂತ ಅವರು ಕೇಳ್ಲಿಲ್ಲ, ನೀವೂ ಕೇಳ್ಬೇಡಿ. ಜನವರಿ ಚಳಿ ಅಂತಷ್ಟೇ ಹೇಳ್ತೀನಿ.

ಅಮ್ಮಂಗೆ ವಿಡಿಯೋ ಕಾಲ್ ಮಾಡ್ದೆ. ಲಂಗ ಅಂತಾಳೆ ಅಂದ್ಕೊಂಡಿದ್ರೆ ಅವಳ ಕಣ್ಣು ಹೋಗಿದ್ದು ಬಲಗಾಲಿನ ಸಾಕ್ಸಿಗೆ. "ಅದೇನೋ ಅದು, ಚಾಕುನಾ? ಊಟಕ್ಕೆ ಕರ್ದಿರೋರ ಹತ್ರ ಚಾಕು ಇಟ್ಕೊಂಡು ಹೋಗ್ತಾರೇನೋ?" ಸ್ಕಿಯನ್ ಡೂ ಅಂತ, ಸಂಪ್ರದಾಯ, ಇದು ಬಾಡಿಗೇದು, ಹಿಡಿ ಅಷ್ಟೇ, ಅಲಗೇ ಇಲ್ಲ ಅಂತ ತೆಗೆದು ತೋರಿಸಿದ್ಮೇಲೇ ಸಮಾಧಾನ.

ಹಾಲಲ್ಲಿ ಎಂಬತ್ತು ಜನ ಇದ್ರೇನೋ. ಊಟಕ್ಕೆ ಮುಂಚೆ ಸೆಲ್ಕರ್ಕ್ ಗ್ರೇಸ್ ಅಂತ ನಾಲ್ಕು ಸಾಲಿನ ಪ್ರಾರ್ಥನೆ ಹೇಳಿದ್ರು. ಕೆಲವರಿಗೆ ಅನ್ನ ಇದೆ ತಿನ್ನೋಕಾಗಲ್ಲ, ಕೆಲವರಿಗೆ ತಿನ್ನೋಕಾಗುತ್ತೆ ಅನ್ನ ಇಲ್ಲ ಅಂತ ಶುರುವಾಗುತ್ತೆ. ಹಲ್ಲಿದ್ದೋರಿಗೆ ಕಡ್ಲೆ ಇಲ್ಲ ಅಂತ ಇವಳ ಕಿವೀಲಿ ಅಂದೆ. ಕೋಳಿ ಮತ್ತೆ ಲೀಕ್ ಅನ್ನೋ ಈರುಳ್ಳಿ ಜಾತಿ ತರಕಾರಿ ಹಾಕಿದ ಸೂಪ್ ಆದ್ಮೇಲೆ ಎಲ್ಲರೂ ಎದ್ದು ನಿಂತ್ವಿ, ಬ್ಯಾಗ್‌ಪೈಪ್ ಊದೋನು ಮುಂದೆ, ತಟ್ಟೆ ಹಿಡಿದ ಅಡುಗೆಯವರು ಹಿಂದೆ, ತಾಳಕ್ಕೆ ಸರಿಯಾಗಿ ಚಪ್ಪಾಳೆ. ಉತ್ಸವಮೂರ್ತಿ ಬಂದಂಗೆ ಹ್ಯಾಗಿಸ್ ಬಂತು. ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶ ಕೊಚ್ಚಿ, ಓಟ್ಸು, ಕೊಬ್ಬು, ಈರುಳ್ಳಿ, ಮೆಣಸು ಸೇರಿಸಿ ಬೇಯಿಸಿದ ಉಂಡೆ. ಅದರ ಮುಂದೆ ನಿಂತು ಒಬ್ಬರು ಬರ್ನ್ಸ್ 1786ರಲ್ಲಿ ಬರೆದ ಪದ್ಯಾನ ಅಭಿನಯ ಮಾಡ್ಕೊಂಡು ಹೇಳಿದ್ರು, ಎಂಟು ನುಡಿ, ಮೂರನೇದರಲ್ಲಿ ಚಾಕು ಒರೆಸೋ ಸಾಲು ಬರುತ್ತೆ, ಆಗ ನಿಜವಾಗ್ಲೂ ಚಾಕು ಒರೆಸ್ಕೊಂಡು ಸರ್ರಂತ ಸೀಳಿದ್ರು. ಹಬೆ ಎದ್ದು ಅವರ ಕನ್ನಡಕವೇ ಮಂಜಾಯ್ತು, ಕನ್ನಡಕ ತೆಗೀದೆ ಮುಂದಿನ ಸಾಲು ಹೇಳ್ತಾನೇ ಇದ್ರು.

ರುಚಿ? ಬೋಟಿ ಗೊಜ್ಜು ತಿಂದು ಬೆಳೆದ ಮಂಡ್ಯದೋನಿಗೆ ಇದೇನ್ ಹೊಸದಲ್ಲ. ಈಲಿ ಹಾಕಿ ಉದುರುದುರಾಗಿ ಮಾಡಿದ ಉಪ್ಪಿಟ್ಟು ಅನ್ಕೊಳ್ಳಿ, ಮೆಣಸು ಚೆನ್ನಾಗಿ ಬಿದ್ದಿದೆ. ಪಕ್ಕದಲ್ಲಿ ನೀಪ್ಸ್, ಕಿತ್ತಳೆ ಬಣ್ಣದ ಗೆಡ್ಡೆ ಬೇಯಿಸಿ ಕಿವುಚಿದ್ದು, ರುಚೀಲಿ ಸಿಹಿಗುಂಬಳದ ದಾಯಾದಿ, ನಂಗೆ ಹಿಡಿಸ್ಲಿಲ್ಲ. ಟ್ಯಾಟೀಸ್ ಅಂದ್ರೆ ಆಲೂಗಡ್ಡೆನೇ. ಇವಳು ಮಾಂಸ ತಿನ್ನಲ್ಲ, ವೆಜ್ ಹ್ಯಾಗಿಸ್ ಕೊಟ್ರು, ಬೇಳೆಕಾಳು ಓಟ್ಸಿಂದು. 1984ರಲ್ಲಿ ಎಡಿನ್‌ಬರಾದ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ ಓಪನಿಂಗಿಗೆ ಅಂತ ಮ್ಯಾಕ್‌ಸ್ವೀನ್ ಅನ್ನೋ ಹ್ಯಾಗಿಸ್ ಕಂಪನಿಯವರು ಇದನ್ನ ಮೊದಲು ಮಾಡಿದ್ದಂತೆ. ನಿಜ ಹೇಳ್ಬೇಕಂದ್ರೆ ಅದೇ ಚೆನ್ನಾಗಿತ್ತು, ಅವಳಿಗೆ ಹೇಳ್ಲಿಲ್ಲ.

ಆಮೇಲೆ ಭಾಷಣ. ನಿದ್ದೆ ಬರುತ್ತೆ ಅಂದ್ಕೊಂಡಿದ್ದೆ, ಆದ್ರೆ ಮಾತಾಡಿದ ಹೆಂಗಸು ಹೊಗಳಿಕೆಯಿಂದ ಶುರು ಮಾಡ್ಲಿಲ್ಲ. 1786ರಲ್ಲಿ ಬರ್ನ್ಸ್ ಜಮೈಕಾಗೆ ಹಡಗು ಹತ್ತೋಕೆ ರೆಡಿಯಾಗಿದ್ದ, ಗುಲಾಮರು ದುಡಿಯೋ ತೋಟದಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ, ಅದೇ ವರ್ಷ ಕಿಲ್ಮಾರ್ನಾಕ್‌ನಲ್ಲಿ 612 ಪ್ರತಿ ಅಚ್ಚಾದ ಪದ್ಯದ ಪುಸ್ತಕ ಖರ್ಚಾಗಿದ್ದಕ್ಕೆ ಉಳ್ಕೊಂಡ, ಇದನ್ನೂ ನೆನೆಸ್ಕೊಂಡೇ ಗ್ಲಾಸ್ ಎತ್ತೋಣ ಅಂದ್ರು. ಹಾಲೆಲ್ಲಾ ಗಪ್‌ಚುಪ್. ಜಯಂತಿ ದಿನ ನಮ್ಮಲ್ಲಿ ಹೀಗೆ ಮಾತಾಡಿದ್ರೆ ಮೈಕ್ ಕಿತ್ಕೋತಿದ್ರು.

ಪಕ್ಕದಲ್ಲಿ ಕೂತಿದ್ದ ಅಜ್ಜಿ, ನಿಮ್ಮ ದೇಶದಲ್ಲಿ ಬರ್ನ್ಸ್ ಗೊತ್ತಾ ಅಂದ್ರು. ನಮ್ಮಲ್ಲಿ ಬಿ.ಎಂ.ಶ್ರೀ ಅಂತ ಇದ್ರು, ಅವರು ಬರ್ನ್ಸ್‌ನ ಡಂಕನ್ ಗ್ರೇ ಹಾಡನ್ನ ಕನ್ನಡಕ್ಕೆ ತಂದ್ರು, ಡಂಕನ್ ಹೋಗಿ ಮಾದ ಆದ, ಮ್ಯಾಗಿ ಮಾದಿ ಆದ್ಲು ಅಂದೆ. ಅಜ್ಜಿ ಫೋರ್ಕ್ ಕೆಳಗಿಟ್ಟು "ಹಾ ಹಾ" ಅಂತ ಆ ಹಾಡಿನ ಪಲ್ಲವಿ ಎತ್ಕೊಂಡ್ರು, ಎದುರಿಗಿದ್ದ ಇಬ್ಬರು ಸೇರ್ಕೊಂಡ್ರು. ಅರ್ಧ ಪದ ಅವರಿಗೂ ಬರಲ್ವಂತೆ, ಮೆನು ಹಿಂದೆ ಸ್ಕಾಟ್ಸ್ ಅನ್ನೋ ಇಲ್ಲಿನ ಭಾಷೆಯ ಪದಗಳಿಗೆ ಅರ್ಥ ಪ್ರಿಂಟ್ ಮಾಡಿದ್ರು. ಬಿಎಂಶ್ರೀ ಅದನ್ನ ಗ್ರಾಂಥಿಕಕ್ಕೆ ತರದೆ ಮಾದ ಮಾದಿ ಬಾಯಿಗೆ ಕೊಟ್ಟಿದ್ದು ಎಷ್ಟು ಸರಿ ಅಂತ ಆಗ ಅನ್ನಿಸ್ತು, ಕ್ಲಾಸಲ್ಲಿ ಓದಿದಾಗ ಅನ್ಸಿರ್ಲಿಲ್ಲ.

ಕೊನೇಗೆ ಆಲ್ಡ್ ಲ್ಯಾಂಗ್ ಸೈನ್, ಎಲ್ಲರೂ ಕೈ ಹಿಡ್ಕೊಂಡು ಹಾಡೋ ಬರ್ನ್ಸ್‌ನ ಹಾಡು. ನಾನು ಮೊದಲ ಸಾಲಿಗೇ ಕೈ ಅಡ್ಡ ಮಾಡಿ ಎರಡೂ ಕಡೆ ಚಾಚ್ದೆ, ಅಜ್ಜಿ ಕೈ ಮೇಲೆ ಪಟ್ ಅಂತ ಒಂದು ಕೊಟ್ರು. ಅದು ಕೊನೇ ನುಡಿಗಂತೆ, ಅಲ್ಲೀತನಕ ಸುಮ್ನೆ ಕೈ ಹಿಡ್ಕೊಂಡ್ರೆ ಸಾಕು.

ನಾಳೆ ಕಿಲ್ಟ್ ವಾಪಸ್ ಕೊಡ್ಬೇಕು. ಒಗೆಯೋ ಹಾಗಿಲ್ಲ, ಅವರೇ ಮಾಡ್ಕೋತಾರೆ. ಈಗ ಮಡಚೋವಾಗ ನೋಡಿದ್ರೆ ಒಳಪದರದಲ್ಲಿ ಪಿನ್ ಚುಚ್ಚಿದ ತೂತು ಕಾಣ್ತಿದೆ. ಉಗುರಲ್ಲಿ ಕೆರೆದು ಎಳೆ ಕೂಡಿಸ್ತಾ ಕೂತಿದೀನಿ.