ಪೊಸಡಿಗುಂಪೆಯ ಪದವಿನಲ್ಲಿ ಬೊಳ್ಳನೊಂದಿಗೆ ಒಂದು ದಿನ

ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ಮಳೆ ಬಿಡುವು ಕೊಟ್ಟದ್ದರಿಂದ ನಾನೂ ನಮ್ಮ ಯಜಮಾನರೂ ಬೊಳ್ಳನನ್ನು ಕರೆದುಕೊಂಡು ಪೊಸಡಿಗುಂಪೆಗೆ ಹೊರಟೆವು. ಬೊಳ್ಳನೆಂದರೆ ನಮ್ಮ ಮನೆಯ ನಾಯಿ. ಬಿಳಿ ಮೈಯ, ನಾಲ್ಕು ವರ್ಷ ಪ್ರಾಯದ ಊರ ತಳಿ. ಕಾಸರಗೋಡು ಜಿಲ್ಲೆಯ ಧರ್ಮತ್ತಡ್ಕದ ಸಮೀಪದ ಈ ಗುಡ್ಡ ಸಮುದ್ರಮಟ್ಟದಿಂದ ಸುಮಾರು 1060 ಅಡಿ ಎತ್ತರದಲ್ಲಿದೆ. ಏರುವುದು ಕಷ್ಟವೇನಲ್ಲ, ಆದರೆ ಬೊಳ್ಳನ ಜೊತೆ ಹೋದವರಿಗೆ ಅವಸರ ಮಾಡುವ ಸ್ವಾತಂತ್ರ್ಯವಿಲ್ಲ. ಕೇಪುಳದ ಪೊದೆ, ಕುಂಟಾಲದ ಗಿಡ, ಮುಳಿಹುಲ್ಲಿನ ಬುಡ ಎಲ್ಲವನ್ನೂ ಅವನು ಮೂಸಿ ನೋಡಿಯೇ ಮುಂದೆ ಹೋಗಬೇಕು.

ಅವನ ಹಗ್ಗವನ್ನು ನಾವು ಬಿಚ್ಚಲಿಲ್ಲ. ಟಿಟ್ಟಿಭದಂಥ ಹಕ್ಕಿಗಳು ಬಯಲು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಬಿಟ್ಟ ನಾಯಿಗೆ ಅದೆಲ್ಲ ತಿಳಿಯುವುದಿಲ್ಲ. ಬಿಸಿಲೇರಿದರೆ ಕರಿಕಟ್ಟಿದ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಕಾದ ಕಾವಲಿಯಂತಾಗುವುದರಿಂದ ಬೆಳಗ್ಗೆ ಏಳಕ್ಕೇ ನಡೆಯಲು ಆರಂಭಿಸಿದ್ದೆವು. ಅಂಗೈಯ ಹಿಂಬದಿಯನ್ನು ಕಲ್ಲಿಗೆ ಒತ್ತಿ ಏಳು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ, ಆ ಕಲ್ಲಿನ ಮೇಲೆ ನಾಯಿಯನ್ನು ನಡೆಸಬಾರದು.

ಮೇಲಿನ ಪದವಿಗೆ, ಅಂದರೆ ಮುರಕಲ್ಲು ಹಾಸಿದ ಬಯಲಿಗೆ, ತಲುಪಿದಾಗ ಕಲ್ಲಿನ ತಗ್ಗುಗಳಲ್ಲಿ ಅಂಗೈಯಗಲದ ನೀರು ನಿಂತಿತ್ತು. ಅದರ ಅಂಚಿನಲ್ಲಿ ನೂಲಿನಷ್ಟು ತೆಳ್ಳಗಿನ ದಂಟುಗಳ ಮೇಲೆ ನೇರಳೆ ಬಣ್ಣದ ಪುಟ್ಟ ಹೂಗಳು ಅರಳಿದ್ದವು. ಮಲಯಾಳದಲ್ಲಿ ಕಾಕ್ಕಾಪ್ಪೂವು ಎಂದು ಕರೆಯುವ, ಓಣಂ ಹೂಗಳ ರಂಗೋಲಿಗೆ ಹಿಂದಿನಿಂದಲೂ ಕೊಯ್ಯುತ್ತಿದ್ದ ಹೂವಿದು. ಇಷ್ಟು ತೆಳು ಮಣ್ಣಿನಲ್ಲಿ ಸಾರವೇ ಇಲ್ಲದ ಕಾರಣ, ಈ ಗಿಡ ಒದ್ದೆ ನೆಲದೊಳಗಿನ ತನ್ನ ಸಣ್ಣ ಚೀಲಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಹಿಡಿದು ಬದುಕುತ್ತದೆ. ನಾನು ಮಂಡಿಯೂರಿ ಅದನ್ನು ನೋಡುತ್ತಿದ್ದಾಗ ಬೊಳ್ಳ ನೀರಿಗೆ ಬಾಯಿ ಹಾಕಲು ಹೊರಟ. ನಿಂತ ನೀರಿನಲ್ಲಿ ಇಲಿಜ್ವರದ ಭಯವಿರುವುದರಿಂದ ಯಜಮಾನರು ಅವನನ್ನು ಹಿಂದಕ್ಕೆಳೆದು, ಮನೆಯಿಂದ ತಂದ ನೀರನ್ನು ಕೊಟ್ಟರು.

ಬಾಳೆಲೆಯಲ್ಲಿ ಕಟ್ಟಿ ತಂದಿದ್ದ ಸಜ್ಜಿಗೆ-ಬಜಿಲನ್ನು (ಉಪ್ಪಿಟ್ಟು, ಅವಲಕ್ಕಿ) ಅಲ್ಲಿಯೇ ಕುಳಿತು ತಿಂದೆವು. ಪಡುವಣದಲ್ಲಿ ಸಮುದ್ರ ಬೆಳ್ಳಿಯ ಗೆರೆಯಂತೆ ಕಾಣುತ್ತಿತ್ತು.

ಇಂಥ ಪದವುಗಳನ್ನು ಬೋಳುಗುಡ್ಡ, ಪಾಳು ಜಾಗ ಎಂದು ಕರೆದು ಕೈಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಮುರಕಲ್ಲಿಗೆ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ನಾವು ಇಟ್ಟಿಗೆಯಾಗಿ ಮಾತ್ರ ಕಂಡೆವೇನೋ. ಪದವಿನ ಮೇಲೆ ಬಿದ್ದ ಮಳೆಯ ಒಂದು ಪಾಲು ಬಿರುಕುಗಳಲ್ಲಿ ಇಳಿದು, ರಂಧ್ರಗಳಿರುವ ಮುರಕಲ್ಲಿನೊಳಗೆ ಹರಿದು, ಅಡಿಯ ಶೇಡಿಮಣ್ಣಿನ (ಅಂಟು ಜೇಡಿಯ) ಪದರದ ಮೇಲೆ ತಡೆದು ನಿಲ್ಲುತ್ತದೆ. ಯಂತ್ರವಿಟ್ಟು ಮೇಲಿನ ಕಲ್ಲನ್ನು ಕಡಿದು ಸಾಗಿಸಿದ ಕಡೆ ಹೂವಿನ ಜೊತೆಗೆ ನೀರಿನ ಈ ದಾರಿಯೂ ಕೆಡುತ್ತದೆ.

ಆ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಇಳಿಯುವ ದಾರಿಯಲ್ಲಿ ಬೊಳ್ಳನೇ ತೋರಿಸಿದ. ಒಂದು ಅಡಿಕೆ ತೋಟದ ಮೇಲ್ಬದಿಯಲ್ಲಿ ಅವನು ಕಿವಿ ನೆಟ್ಟಗೆ ಮಾಡಿ ನಿಂತುಬಿಟ್ಟ. ಎದುರಿನ ದರೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಅಗಲದ ಸುರಂಗದ ಬಾಯಿ ಇತ್ತು. ಒಳಗೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಗುಡ್ಡವನ್ನು ಅಡ್ಡಕ್ಕೆ ಕೊರೆದು, ಕೋಲು ಎಂಬ ಹಳೆಯ ಅಳತೆಯ ಲೆಕ್ಕದಲ್ಲಿ ಉದ್ದ ಅಳೆದು, ಮೋಂಬತ್ತಿ ಆರಿದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಿದ್ದವರು ಮಾಡಿದ ಕೆಲಸವದು. ಪಂಪಿಲ್ಲದೆ, ಕರೆಂಟಿಲ್ಲದೆ ನೀರು ತಾನಾಗಿಯೇ ಹೊರಗಿನ ಮಣ್ಣಿನ ಕೆರೆಗೆ ಬೀಳುತ್ತದೆ.

ತೋಟದ ಅಜ್ಜ ನಮ್ಮನ್ನು ಕಂಡು ಹತ್ತಿರ ಬಂದರು. "ನಾಯಿಗೆ ಬಾಯಾರಿಕೆ ಆಗಿರಬೇಕು ಮಗಾ, ಈ ನೀರು ಕುಡಿಸಿ, ನಾವೂ ಇದನ್ನೇ ಕುಡಿಯುವುದು," ಎಂದು ಹೇಳಿ, ಸುರಂಗದ ಬಾಯಿಯಲ್ಲೇ ಒಂದು ತೆಂಗಿನ ಗೆರಟೆಯಲ್ಲಿ ನೀರು ಹಿಡಿದು ನೆಲದ ಮೇಲಿಟ್ಟರು. ಬೊಳ್ಳ ಎರಡು ಗೆರಟೆ ಕುಡಿದು, ಮೂರನೆಯದಕ್ಕಾಗಿ ಅಜ್ಜನ ಮುಖ ನೋಡಿದ.